ರಾಗ ತೆಗೆದು ಓದಿದರೆ



ಆಟಗಳಲ್ಲಿ ಅನೇಕ ವಿಧಗಳಿವೆ. ಕಬಡ್ಡಿ, ಖೋಖೋ, ಲಗೋರಿಗೆ ಬಯಲು ಬೇಕು. ಕುಂಟೆಬಿಲ್ಲೆಗೆ ಗೆರೆ ಎಳೆಯಬೇಕು. ನಮ್ಮ ಮನೆಯ ಆಟಕ್ಕೆ ಕರೆಂಟ್ ಹೋದರೆ ಸಾಕು. ಒಬ್ಬರು ಒಂದು ಹಾಡಿನ ಸಾಲನ್ನು ರಾಗವಿಲ್ಲದೆ, ಸಮಾಜ ಪಾಠ ಓದಿದ ಹಾಗೆ ಹೇಳಬೇಕು. ಉಳಿದವರು ಅದು ಯಾವ ಹಾಡು ಎಂದು ಕಂಡುಹಿಡಿಯಬೇಕು. ಇದು ಸುಲಭ ಅಂದ್ಕೋಬೇಡಿ! ರಾಗ ಹೋದರೆ ದಿನಾ ಕೇಳುವ ಹಾಡೂ ಗುರುತು ಸಿಗೋದಿಲ್ಲ. ಚಂದ್ರ, ಹೂವು, ಮನಸು ಎಂಬ ಪದಗಳು ಎಷ್ಟೋ ಸಿನಿಮಾ ಹಾಡುಗಳಲ್ಲಿವೆ. ಬೇರೆಲ್ಲೂ ಬಾರದ ಒಂದು ಪದ ಬಂದರೆ ಮಾತ್ರ ಥಟ್ಟನೆ ಹೊಳೆಯುತ್ತದೆ. ಕುವೆಂಪು ಅವರ ನಾಡಗೀತೆಯನ್ನು ಎರಡೇ ಪದಕ್ಕೆ ಎಲ್ಲರೂ ಹೇಳಿಬಿಡ್ತಾರೆ, ಶಾಲೆಯಲ್ಲಿ ಹಾಡುತ್ತೇವಲ್ಲ! ನಮ್ಮ ಅಜ್ಜಿಗಂತೂ ಸೋಬಾನೆ ಪದವನ್ನು ರಾಗವಿಲ್ಲದೆ ಹೇಳೋಕೆ ಬರೋದೇ ಇಲ್ಲ. ಅರ್ಧಕ್ಕೇ ಹಾಡಿಬಿಡ್ತಾರೆ.

ಕಾಲೇಜು ಓದುವ ನಮ್ಮ ಅಣ್ಣ ಈ ಆಟಕ್ಕೆ ಹೊಸದೊಂದನ್ನು ಸೇರಿಸಿದ. ತನ್ನ ಇಮೇಲಿಗೆ ಬರುವ ಕಸದ ಪತ್ರಗಳನ್ನು ಕನ್ನಡ ಮಾಡಿ ಅದೇ ರೀತಿ ಓದುತ್ತಾನೆ. ಟಿಕೆಟ್ಟೇ ಕೊಳ್ಳದವನಿಗೆ ಲಾಟರಿ ಹೊಡೆದಿದೆಯಂತೆ! ಯಾವುದೋ ದೇಶದ ಸಾಹುಕಾರನ ಹೆಂಡತಿ ಇಡೀ ಲೋಕವನ್ನು ಬಿಟ್ಟು ನಮ್ಮಣ್ಣನಿಗೇ ಕೋಟಿಗಟ್ಟಲೆ ಹಣ ಕೊಡುತ್ತಾಳಂತೆ! ಬೋಳುತಲೆಗೆ ಕೂದಲು ಬರಿಸುವ ಎಣ್ಣೆ ಬೇರೆ. ಅಣ್ಣನ ತಲೆಯೋ ಬೇಲಿಯ ಪೊದೆ ಇದ್ದ ಹಾಗಿದೆ. ನಾವು ಹೊಟ್ಟೆ ಹಿಡಿದುಕೊಂಡು ನಗ್ತೀವಿ.

ಈ ಕಸಕ್ಕೆ ಸ್ಪ್ಯಾಮ್ ಎಂಬ ಹೆಸರು ಹೇಗೆ ಬಂತೆಂದೂ ಅಣ್ಣ ಹೇಳಿದ. ಅದು 1937ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಡಬ್ಬಿ ಮಾಂಸದ ಹೆಸರು. 1970ರಲ್ಲಿ ಇಂಗ್ಲೆಂಡಿನ ಟಿವಿಯಲ್ಲಿ ಒಂದು ನಗೆನಾಟಕ ಬಂತು. ಅದರಲ್ಲಿ ಒಂದು ಹೋಟೆಲಿನ ತಿಂಡಿಯಲ್ಲೆಲ್ಲ ಅದೇ ಮಾಂಸ. ಅಲ್ಲಿ ಕೂತವರು ಆ ಹೆಸರನ್ನೇ ಹಾಡಿ ಹಾಡಿ ಬೇರೆಯವರ ಮಾತು ಕೇಳದಂತೆ ಮಾಡುತ್ತಾರೆ. ಬೇಡದ ಪತ್ರಗಳೂ ಬೇಕಾದ ಪತ್ರವನ್ನು ಹೀಗೇ ಮುಚ್ಚಿಹಾಕುವುದರಿಂದ ಆ ಹೆಸರು ಅಂಟಿಕೊಂಡಿತು. ಇಂಥ ಮೊದಲ ಪತ್ರವನ್ನು 1978ರಲ್ಲಿ ಅಮೆರಿಕದ ಗ್ಯಾರಿ ಥರ್ಕ್ ಎಂಬುವರು ಕಂಪ್ಯೂಟರ್ ಮಾರುವುದಕ್ಕಾಗಿ ಸುಮಾರು 400 ಜನರಿಗೆ ಕಳಿಸಿದರಂತೆ.

ಒಂದು ರಾತ್ರಿ ನಾವೆಲ್ಲ ನಗುವಾಗ ಚಿಕ್ಕಪ್ಪ ಮಾತ್ರ ನಗಲಿಲ್ಲ. ಎಲ್ಲರೂ ಮಲಗಲು ಎದ್ದ ಮೇಲೆ ಅಣ್ಣನ ಕೈಗೆ ತಮ್ಮ ಮೊಬೈಲ್ ಕೊಟ್ಟು, "ಇದ್ನೂ ಹಂಗೇ ಓದಪ್ಪ" ಅಂದರು. ನಾನು ಅಲ್ಲೇ ಚಾಪೆ ಹಾಸುತ್ತಿದ್ದೆ. ನಿಮಗೆ 25 ಲಕ್ಷ ಬಹುಮಾನ ಬಂದಿದೆ, ಖರ್ಚಿಗೆ 8,500 ರೂಪಾಯಿ ನಾಳೆಯೊಳಗೆ ಕಳಿಸಿ, ಯಾರಿಗೂ ಹೇಳಬೇಡಿ ಎಂದು ಅದರಲ್ಲಿತ್ತು. ಅಣ್ಣ ನಿಧಾನವಾಗಿ ಓದಿದ. ಅರ್ಧಕ್ಕೇ ಚಿಕ್ಕಪ್ಪ "ಸಾಕು ಬಿಡಪ್ಪ" ಅಂದರು. ರೇಷ್ಮೆಗೂಡು ಮಾರಿದ ದುಡ್ಡು ಹಿಂದಿನ ದಿನವೇ ಬ್ಯಾಂಕಿಗೆ ಬಂದಿತ್ತು. ಚಿಕ್ಕಮ್ಮ ನಿದ್ದೆಗೆಟ್ಟು ಹುಳುಗಳಿಗೆ ಸೊಪ್ಪು ಹಾಕಿದ ದುಡ್ಡು ಅದು. "ಮೊದ್ಲೇ ಯಾಕೆ ಹೇಳ್ಲಿಲ್ಲ ಚಿಕ್ಕಪ್ಪ?" ಎಂದು ಅಣ್ಣ ಕೇಳಿದ. "ನೀವೆಲ್ಲ ನಗ್ತೀರ ಅಂತ" ಅಂದರು. ಆ ಮಾತಿಗೆ ನನ್ನ ಗಂಟಲು ಕಟ್ಟಿತು.

ಹಾಡಿಗೆ ರಾಗ ಇರುವಂತೆ ಈ ಪತ್ರಗಳಿಗೂ ಒಂದು ರಾಗವಿದೆ. ಅದು ಆಸೆ ಮತ್ತು ಭಯದ ರಾಗ. ಒಬ್ಬರೇ ಗುಟ್ಟಾಗಿ ಓದಿದರೆ ಕಿವಿಯಲ್ಲಿ ಅದೇ ತುಂಬುತ್ತದೆ. ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿದರೆ ಬರೀ ಪದಗಳು ಉಳಿಯುತ್ತವೆ. ಎಲ್ಲ ಪತ್ರದಲ್ಲೂ ಅವೇ ಪದಗಳು: ಬಹುಮಾನ, ಕೂಡಲೇ, ಗುಟ್ಟು, ಮೊದಲು ಸ್ವಲ್ಪ ಹಣ. ಅಕೌಂಟ್ ಬಂದ್ ಆಗುತ್ತೆ, ಓಟಿಪಿ ಹೇಳಿ ಅನ್ನುವುದೂ ಅದೇ ಜಾತಿಯದು.

ಆದ್ದರಿಂದ ಗೆಳೆಯರೇ, ನಿಮ್ಮ ಮನೆಗೂ ಇಂಥದ್ದು ಬಂದರೆ ಎಲ್ಲರ ಮುಂದೆ ಓದಿರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿಸಿರಿ. ಪತ್ರ ನೋಡಿ ಎಷ್ಟು ಬೇಕಾದರೂ ನಗಿರಿ. ಮೋಸ ಹೋದವರನ್ನು ನೋಡಿ ಮಾತ್ರ ನಗಬೇಡಿರಿ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗೆ ಎಂಬ ಗಾದೆ ಇದೆಯಲ್ಲ. ಎಡವಿದವರು ಬಾಯಿಬಿಟ್ಟು ಹೇಳಬೇಕಾದರೆ ನಾವು ಆಡಿಕೊಳ್ಳುವವರಾಗಬಾರದು. ಇದನ್ನು ಬರೆಯಲು ಚಿಕ್ಕಪ್ಪನೇ ಒಪ್ಪಿಗೆ ಕೊಟ್ಟರು. "ಬರಿಯವ್ವ, ಇನ್ನೊಬ್ರ ದುಡ್ಡಾದ್ರೂ ಉಳೀಲಿ" ಅಂದರು.

– 7ನೇ ತರಗತಿ ವಿದ್ಯಾರ್ಥಿನಿ