ನಿಮ್ಮ ಬಗ್ಗೆ ಹೇಳಿ

ಡಿಗ್ರಿ ಮುಗಿಸಿದ ನಮ್ಮ ಕಡೆಯ ಮಕ್ಕಳು ಇಂಟರ್‌ವ್ಯೂಗೆ ತಯಾರಾಗುವುದನ್ನು ನೋಡುವಾಗ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಓದಿರಲಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಿಂದ ಬಂದಿರಲಿ, ಎಲ್ಲರ ಮೊಬೈಲಿನಲ್ಲೂ ಅವೇ ಪ್ರಶ್ನೆಗಳು. ನಿಮ್ಮ ಬಗ್ಗೆ ಹೇಳಿ. ನಿಮ್ಮ ವೀಕ್‌ನೆಸ್ ಏನು? ಐದು ವರ್ಷದ ನಂತರ ಎಲ್ಲಿರುತ್ತೀರಿ? ಉತ್ತರವೂ ಎಲ್ಲರದ್ದೂ ಒಂದೇ: ನಾನು ಹಾರ್ಡ್ ವರ್ಕರ್, ಟೀಮ್ ಪ್ಲೇಯರ್. ಯಾರು ಬಾಯಿಪಾಠ ಮಾಡಿದರೂ ಒಪ್ಪುವ ಆ ಉತ್ತರದಲ್ಲಿ, ಅದನ್ನು ಹೇಳುವ ಹುಡುಗ ಯಾರು ಅಂತ ತಿಳಿಯುವುದೇ ಇಲ್ಲ.

ಊರು ಯಾವುದು ಅಂದರೆ ಭದ್ರಾವತಿಯ ಎಷ್ಟೋ ಮಕ್ಕಳು ಶಿವಮೊಗ್ಗ ಅಂದುಬಿಡುತ್ತಾರೆ. ಮುಚ್ಚಿದ ಕಾರ್ಖಾನೆಗಳ ಊರು ಅನ್ನುವ ಹೆಸರು ತಮಗೂ ಅಂಟೀತು ಅನ್ನುವ ಅಳುಕು. ನಾನು ಅವರಿಗೆ ಹೇಳುವುದು, ಆ ಊರನ್ನೇ ಓದಿಕೊಂಡು ಹೋಗಿ ಅಂತ. 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿದಾಗ ಹತ್ತಿರದಲ್ಲೆಲ್ಲೂ ಕಲ್ಲಿದ್ದಲು ಇರಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಿಲಿನಿಂದ ಕರಗಿಸಿದರು. ಇದ್ದಿಲು ಸುಡುವಾಗ ಏಳುವ ಆವಿಯನ್ನೂ ಬಿಡದೆ ತಣಿಸಿ ಮೀಥೈಲ್ ಆಲ್ಕೋಹಾಲು, ಟಾರು ತೆಗೆದರು. ನಷ್ಟದಲ್ಲಿದ್ದ ಕಾರ್ಖಾನೆಯ ಹೊಣೆಯನ್ನು ವಿಶ್ವೇಶ್ವರಯ್ಯನವರು ಹೊತ್ತುಕೊಂಡರು. 1936ರಲ್ಲಿ ಕಾಗದದ ಕಾರ್ಖಾನೆ ಹುಟ್ಟಿತು. ಅದು ನಿಂತುಹೋಗಿದೆ. ಮೊದಲಿನ ಆ ಕಬ್ಬಿಣ-ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಬಂದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಕಂಪನಿ ಅಂದರೆ ಏನು, ಅದು ನಿಂತರೆ ಒಂದು ಊರಿಗೆ ಏನಾಗುತ್ತದೆ ಅನ್ನುವುದನ್ನು ಈ ಮಕ್ಕಳಷ್ಟು ಹತ್ತಿರದಿಂದ ಕಂಡವರು ಕಡಿಮೆ. ಅದನ್ನು ಬಚ್ಚಿಡುವುದೇಕೆ?

ಪರಿಚಯದ ಹುಡುಗಿಯೊಬ್ಬಳು, ಮೆಕ್ಯಾನಿಕಲ್ ಓದಿದವಳು, ಮಾಚೇನಹಳ್ಳಿಯ ಫೌಂಡ್ರಿಯೊಂದರಲ್ಲಿ ಪ್ರಾಜೆಕ್ಟ್ ಮಾಡಿದ್ದಳು. ಕೇಳಿದರೆ ರಿಪೋರ್ಟಿನ ಮೊದಲ ಪ್ಯಾರಾ ಒಪ್ಪಿಸಿದಳು. “ಅದಿರಲಿ, ನೀನೇನು ಮಾಡಿದೆ?” ಅಂದೆ.

“ಮರಳಲ್ಲಿ ತೇವ ಜಾಸ್ತಿಯಾದ್ರೆ ಹಬೆ ಏಳುತ್ತೆ ಆಂಟಿ. ಹೊರಗೆ ಹೋಗೋಕೆ ದಾರಿ ಸಿಗದಿದ್ರೆ ಎರಕದಲ್ಲೇ ಗುಳ್ಳೆ ಉಳಿಯುತ್ತೆ. ನಾನು ದಿನಾ ತೇವ ಅಳೆದು ಬರೀತಿದ್ದೆ.”

“ತೇವ ಕಡಿಮೆಯಾದ್ರೆ?”

“ಅಚ್ಚು ನಿಲ್ಲಲ್ಲ, ಉದುರುತ್ತೆ.”

ಇಷ್ಟು ಹೇಳುವಾಗ ಅವಳ ಕೈಯೂ ಮಾತಾಡುತ್ತಿತ್ತು. ಸಂದರ್ಶನ ಮಾಡುವವರು ಒಂದು ಉತ್ತರದ ಬೆನ್ನಿಗೇ ಹೇಗೆ, ಏಕೆ, ಎಷ್ಟು ಅಂತ ಕೆದಕುತ್ತಾರೆ. ಬಾಯಿಪಾಠ ಎರಡನೇ ಪ್ರಶ್ನೆಗೇ ಮುಗಿಯುತ್ತದೆ. ಕೈಯಾರೆ ಮಾಡಿದವರ ಮಾತು ಮುಗಿಯುವುದಿಲ್ಲ.

ಇಂಗ್ಲಿಷಿನ ಭಯ ನಿಜವಾದದ್ದು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವರಿಗೆ ಅದನ್ನು ಬರೀ ಧೈರ್ಯದಿಂದ ಗೆಲ್ಲು ಅನ್ನುವುದು ಅನ್ಯಾಯ. ಮೊದಲು ಪ್ರಾಜೆಕ್ಟನ್ನು ಮನೆಯಲ್ಲಿ ಅಮ್ಮನಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳಿ ನೋಡಲಿ. ಆಮೇಲೆ ಅದನ್ನೇ ಚಿಕ್ಕಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ, ಗಟ್ಟಿಯಾಗಿ, ಯಾರಾದರೂ ಎದುರು ಕೂತಿರುವಾಗ ಹೇಳಲಿ. ಮನಸ್ಸಿನಲ್ಲೇ ಹೇಳಿಕೊಂಡ ಉತ್ತರ ಬಾಯಿಗೆ ಬರುವಾಗ ಕೈಕೊಡುತ್ತದೆ. ಇನ್ನೊಂದು ಅಳುಕು ಖಾಲಿ ಹೋದ ವರ್ಷದ್ದು. ಡಿಗ್ರಿ ಮುಗಿದ ಮೇಲೆ ಒಂದು ವರ್ಷ ಅಪ್ಪನ ಅಂಗಡಿಯಲ್ಲಿ ಕೂತಿದ್ದರೆ ಅದನ್ನೂ ಹೇಳಲಿ. ಸಾಲದ ಲೆಕ್ಕ ಇಟ್ಟಿದ್ದೂ ಕೆಲಸವೇ.

ಕೊನೆಗೊಂದು ಪ್ರಶ್ನೆ ಬರುತ್ತದೆ: ನಮ್ಮನ್ನು ಏನಾದರೂ ಕೇಳುವುದಿದೆಯೇ? ನಮ್ಮ ಮಕ್ಕಳು ‘ನೋ ಸರ್’ ಅಂತ ಎದ್ದುಬಿಡುತ್ತಾರೆ. ಕೇಳಿದರೆ ಸೊಕ್ಕು ಅಂದುಕೊಂಡಾರು ಅನ್ನುವ ಹೆದರಿಕೆ. ಆ ಹುಡುಗಿಗೆ ನಾನು ಮತ್ತೆಮತ್ತೆ ಅಭ್ಯಾಸ ಮಾಡಿಸಿದ್ದು ಇದನ್ನೇ: ಟ್ರೈನಿಂಗ್ ಎಷ್ಟು ತಿಂಗಳು, ಆಗ ಸಂಬಳ ಎಷ್ಟು? ಬಾಂಡ್ ಇದೆಯೇ? ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೀರಾ? ರಾತ್ರಿ ಪಾಳಿ ಮುಗಿದ ಮೇಲೆ ಮನೆಗೆ ಬಿಡಲು ಗಾಡಿ ಇದೆಯೇ?