ರಬ್ಬರಿನ ಪುಡಿ

ಸೋಮವಾರ, ಹೈದರಾಬಾದಿನ ಕಾಚಿಗುಡ. ತಂಗಿಯ ಮಗಳಿಗೆ ಎರಡು ಗಣಿತದ ನೋಟ್‌ಬುಕ್ಕು: ರಫ್ ಒಂದು, ಫೇರ್ ಒಂದು. ಬೈಂಡು, ಲೇಬಲ್ಲು, ಟೀಚರ ಸಹಿ ಎಲ್ಲ ಫೇರಿಗೆ. ತಲೆ ಓಡಿದ್ದೆಲ್ಲ ರಫ್‌ನಲ್ಲಿ. ಮಾರ್ಕು ಯಾವುದಕ್ಕೆ, ಕೈಬರಹಕ್ಕೋ?

1/2 + 1/3 = 2/5 ಎಂದು ಬರೆದಳು. ನಾನು "ಹ್ಞೂಂ?" ಎಂದೆ, ಅಷ್ಟೇ. ರಬ್ಬರ್ ಬಂತು. ಅನುಮಾನ ಬಂದು, 1/4 + 1/4 = 1/2 ಎಂದು ಸರಿಯಾಗಿ ಬರೆದಾಗಲೂ "ಹ್ಞೂಂ?" ಎಂದೆ. ಅದನ್ನೂ ಅಳಿಸಿಬಿಟ್ಟಳು! "ನೀವು ಹ್ಞೂಂ ಅಂದ್ರಲ್ಲ ಮಾಮ." (ಪಾಪ, ಇನ್ನು ಹಾಗೆ ಮಾಡಬಾರದು.)

ಬುಧವಾರ. ಪರಿಚಯದ ಮೇಷ್ಟ್ರ ಕ್ಲಾಸು. ನಾನು ಕೊನೇ ಬೆಂಚು. ಬೋರ್ಡಿನ ಮೇಲೆ ಅದೇ 2/5. ಮೇಷ್ಟ್ರು ಡಸ್ಟರ್ ಮುಟ್ಟಲಿಲ್ಲ. "ಇದು ಎಷ್ಟು ದೊಡ್ಡದು?" ಎಂದರು. ಒಬ್ಬ ಎದ್ದ: "ಅರ್ಧಕ್ಕಿಂತ ಕಮ್ಮಿ ಸಾರ್. ಅರ್ಧಕ್ಕೆ ಇನ್ನೂ ಕೂಡಿಸಿದ್ವಲ್ಲ, ಕಮ್ಮಿ ಹೆಂಗಾಯ್ತು?" ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಬರೆದ ಹುಡುಗಿ ಬಿಡಲಿಲ್ಲ: "2 ಬಾಲಲ್ಲಿ 1 ಫೋರು, ಆಮೇಲೆ 3 ಬಾಲಲ್ಲಿ 1 ಫೋರು. ಒಟ್ಟು 5 ಬಾಲಿಗೆ 2 ಫೋರು ತಾನೆ?"

ಕ್ಲಾಸು ಗಪ್‌ಚುಪ್. ನಾನೂ. ಮೇಷ್ಟ್ರು ಅದನ್ನೂ ಪಕ್ಕದಲ್ಲೇ ಬರೆದು, "ನಾಳೆ ನೋಡೋಣ, ನಾನೂ ಯೋಚಿಸ್ತೀನಿ" ಎಂದರು. ಗಂಟೆ ಹೊಡೆಯಿತು. ಉತ್ತರ ಹೇಳದೆ ಹೋಗುವ ಗಣಿತದ ಮೇಷ್ಟ್ರನ್ನು ನಾನು ಕಂಡಿರಲಿಲ್ಲ.

ಗುರುವಾರ. ರಾಮಾನುಜನ್ ಕೂಡ ಅಳಿಸುತ್ತಿದ್ದರಲ್ಲ? ಕಾಗದ ದುಬಾರಿ, ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಫಲಿತಾಂಶವಷ್ಟೇ ನೋಟ್‌ಬುಕ್ಕಿಗೆ. ಅವನ್ನು ಸಾಧಿಸಿ ತೋರಿಸಲು ಬೇರೆಯವರಿಗೆ ದಶಕಗಳೇ ಹಿಡಿದವು.

ಗಣಿತಜ್ಞ ವಿಲ್ಲಾನಿಯದು ಇನ್ನೊಂದು ತರಹ. 2010ರ ಆಗಸ್ಟಿನಲ್ಲಿ ಇದೇ ಹೈದರಾಬಾದಿನ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಅವರಿಗೆ ಫೀಲ್ಡ್ಸ್ ಪದಕ ಬಂತು. ಪದಕ ತಂದ ಪ್ರಬಂಧವನ್ನು ಪತ್ರಿಕೆಯೊಂದು ಮೊದಲು ವಾಪಸು ಕಳಿಸಿತ್ತು. ಜೊತೆಗಾರನೊಂದಿಗಿನ ಇಮೇಲು, ಎಡವಿದ್ದು, ತಿದ್ದಿದ್ದು ಎಲ್ಲವನ್ನೂ 2012ರಲ್ಲಿ ಪುಸ್ತಕ ಮಾಡಿದರು. ರಫ್ ನೋಟ್‌ಬುಕ್ಕಿಗೇ ಬೈಂಡು!

ಶನಿವಾರ. ಫೋರಿನ ಲೆಕ್ಕ ಇನ್ನೂ ತಲೆಯಲ್ಲಿದೆ. ನನ್ನ ಅಂದಾಜು: ರೊಟ್ಟಿಯಾದರೆ ಅರ್ಧವೂ ಮೂರನೇ ಒಂದೂ ಒಂದೇ ಅಳತೆಯ ರೊಟ್ಟಿಯವು. ಬಾಲಿನಲ್ಲಿ 'ಪೂರ್ತಿ' ಅನ್ನುವುದೇ ಬದಲಾಗುತ್ತದೆ: ಮೊದಲು 2, ಆಮೇಲೆ 3, ಕೊನೆಗೆ 5. ಹುಡುಗಿಯದು ಸರಿಯಾದ ಲೆಕ್ಕವೇ, ಆದರೆ ಕೂಡುವ ಲೆಕ್ಕವಲ್ಲ. ಇಷ್ಟು ಸಾಕೋ ಸಾಲದೋ. ಬಲ್ಲವರು ತಿದ್ದಿ, ಅಳಿಸಬೇಡಿ.