ಕಣ್ಣೊರೆಸುವ ಕೈ

ಹೆಂಗಸಿನ ಕಣ್ಣಲ್ಲಿ ನೀರು ಕಂಡರೆ ಅವಳು ಅಳುತ್ತಿದ್ದಾಳೆಂದೇ ನಮ್ಮ ತೀರ್ಮಾನ. ಕ್ಯಾನ್ಸರ್ ಬಂದವಳಾದರಂತೂ ಕೇಳುವುದೇ ಬೇಡ.

ನನ್ನ ಓರಗಿತ್ತಿ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವಳು. ಬಿಸಿನೀರಲ್ಲಿ ತೇಲುವ ಗೂಡಿನಿಂದ ಕೂದಲಿಗಿಂತ ಸಣ್ಣ ಎಳೆಯ ತುದಿ ಹುಡುಕಿ ಹಿಡಿಯಬೇಕು. ಕಣ್ಣೇ ಅವಳ ಬಂಡವಾಳ. ಸ್ತನದ ಕ್ಯಾನ್ಸರಿಗೆ ಡೋಸೆಟಾಕ್ಸೆಲ್ ಎಂಬ ಔಷಧಿಯನ್ನು ವಾರಕ್ಕೊಮ್ಮೆ ಕೊಡುತ್ತಿದ್ದರು. ತಲೆಗೂದಲು ಹೋದಾಗ ಸೆರಗು ಹೊದ್ದಳು. ರೆಪ್ಪೆಗೂದಲೂ ಉದುರಿದಾಗ ದೂಳು ನೇರವಾಗಿ ಕಣ್ಣಿಗೆ ಬೀಳತೊಡಗಿತು. ಆಮೇಲೆ ಶುರುವಾಯಿತು ನೀರು. ಬಸ್ಸಿನಲ್ಲಿ, ಒಲೆಯ ಮುಂದೆ, ನಗುತ್ತಿರುವಾಗಲೂ ಸುರಿಯುವುದು. ನೋಡಲು ಬಂದವರೆಲ್ಲ "ಅಳಬೇಡಮ್ಮ, ದೇವರಿದ್ದಾನೆ" ಎನ್ನುವರು.

"ನಾನು ಅಳ್ತಿಲ್ಲ ಕಣಕ್ಕ. ಅತ್ತಿದ್ರೆ ಮನಸ್ಸಾದ್ರೂ ಹಗುರ ಆಗ್ತಿತ್ತು. ಎಳೆ ಕಾಣ್ತಿಲ್ಲ, ಅದೇ ಸಂಕಟ" ಎಂದಳು ಒಂದು ದಿನ.

ಡಾಕ್ಟರಿಗೆ ಹೇಳಲು ಅವಳಿಗೆ ಸಂಕೋಚ. ಪ್ರಾಣ ಉಳಿಸುವವರ ಮುಂದೆ ಕಣ್ಣೀರಿನ ಮಾತೇ? ಪಾಠ ಹೇಳುವವಳ ಅಭ್ಯಾಸ, ನಾನೊಂದು ಚೀಟಿ ಬರೆದುಕೊಟ್ಟೆ: ಯಾವಾಗ ಶುರುವಾಯಿತು, ಒಂದು ಕಣ್ಣೋ ಎರಡೋ, ನೋವಿದೆಯೇ, ಮಂಜಾಗುತ್ತದೆಯೇ. ಓದಿದ ಡಾಕ್ಟರು ಅಂದೇ ಕಣ್ಣಿನ ವೈದ್ಯರಲ್ಲಿಗೆ ಕಳಿಸಿದರು.

ರೆಪ್ಪೆಗಳ ಒಳತುದಿಯಲ್ಲಿ ಸಣ್ಣ ರಂಧ್ರಗಳಿವೆ. ಕಣ್ಣೀರು ಅಲ್ಲಿಂದ ನಾಳದ ಮೂಲಕ ಮೂಗಿಗಿಳಿಯುತ್ತದೆ. ಅತ್ತಾಗ ಮೂಗು ಸೋರುವುದು ಅದಕ್ಕೇ. ಈ ಔಷಧಿಯಿಂದ ಕೆಲವರಲ್ಲಿ ಆ ನಾಳ ಊದಿ ಕಿರಿದಾಗುತ್ತದೆ. ಬಚ್ಚಲ ತೂಬು ಕಟ್ಟಿಕೊಂಡರೆ ನೀರು ಹೊರಗೆ ಹರಿಯದೆ ಇನ್ನೇನಾದೀತು? ಬೇಗ ತಿಳಿದರೆ ಹನಿ ಔಷಧಿಯಿಂದಲೋ ನಾಳದಲ್ಲಿಡುವ ಸಿಲಿಕೋನ್ ಕೊಳವೆಯಿಂದಲೋ ದಾರಿ ತೆರೆದಿಡಬಹುದು. ಪೂರಾ ಮುಚ್ಚಿಕೊಂಡರೆ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

5-ಫ್ಲೋರೋಯುರಾಸಿಲ್ ಎಂಬ ಔಷಧಿಯೂ ಹೀಗೆ ನೀರು ಸುರಿಸಬಲ್ಲದು. ಹೆಚ್ಚಿನ ಪ್ರಮಾಣದ ಸೈಟರಾಬಿನ್ ಕಣ್ಣು ಕೆಂಪಾಗಿಸುತ್ತದೆಂದು ಮೊದಲೇ ಹನಿ ಹಾಕುತ್ತಾರೆ. ಬಹುದಿನ ಸ್ಟೀರಾಯ್ಡ್ ತೆಗೆದುಕೊಂಡರೆ ಪೊರೆ ಬರಬಹುದು. ಎಲ್ಲರಿಗೂ ಆಗುತ್ತದೆಂದಲ್ಲ. ಹೆದರಿ ಔಷಧಿಯನ್ನು ತಾವಾಗಿ ನಿಲ್ಲಿಸಲೂಬಾರದು.

ನಮಗೆ ಬೆಂಗಳೂರು ಸುಮಾರು 50 ಕಿಲೋಮೀಟರು. ಅಲ್ಲಿ ಕ್ಯಾನ್ಸರಿಗೆ 1973ರಲ್ಲಿ ಆರಂಭವಾದ ಕಿದ್ವಾಯಿ, ಕಣ್ಣಿಗೆ 1896ರಷ್ಟು ಹಳೆಯ ಮಿಂಟೋ, ಎರಡೂ ಸರ್ಕಾರಿ ಆಸ್ಪತ್ರೆಗಳಿವೆ. ಆದರೆ ಕಣ್ಣಿನ ಕಷ್ಟವನ್ನು ಕ್ಯಾನ್ಸರ್ ಡಾಕ್ಟರಿಗೆ, ಕ್ಯಾನ್ಸರ್ ಔಷಧಿಯ ಹೆಸರನ್ನು ಕಣ್ಣಿನ ಡಾಕ್ಟರಿಗೆ ಹೇಳಬೇಕಾದವರು ನಾವೇ.

ಓರಗಿತ್ತಿಗೆ ಕೊಳವೆ ಹಾಕಿ ಕೆಲವು ತಿಂಗಳ ನಂತರ ತೆಗೆದರು. ಈಗ ಅರ್ಧ ದಿನ ನೂಲು ತೆಗೆಯುತ್ತಾಳೆ. ನಿಮ್ಮ ಮನೆಯಲ್ಲೂ ಯಾರಾದರೂ ಕೀಮೋಗೆ ಹೊರಟಿದ್ದರೆ, ಚೀಟಿಯಲ್ಲಿ ಕಣ್ಣಿಗೂ ಒಂದು ಸಾಲು ಬರೆದುಕೊಡಿ.